ಋಣ ತೀರಿದ ಮೇಲೆ

(ಶಾಲಾ ಧರ್ಮಾರ್ಥ ಸಂಘದ ವಾರ್ಷಿಕ ಸಭೆಯ ಸಂದರ್ಭದಲ್ಲಿ ಪೋಷಕರನ್ನು ಉದ್ದೇಶಿಸಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಸಾಲ ಮಾಡಬಾರದೆಂದು ಉಪದೇಶಿಸುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಮಾಡಿದ ಸಾಲವನ್ನು ತೀರಿಸುವ ಬಗೆ ಹೇಗೆಂದು ಹೇಳಿಕೊಡುವವರೂ ಕೆಲವರಿದ್ದಾರೆ. ಆದರೆ ಸಾಲವು ತೀರಿದ ಮರುದಿನದಿಂದ ಹೇಗೆ ಬಾಳತಕ್ಕದ್ದು ಎಂಬ ವಿಷಯವನ್ನು ಕುರಿತು ಮಾತನಾಡುವವರು ವಿರಳ. ಕಷ್ಟಪಟ್ಟು ಋಣಮುಕ್ತರಾದ ಗೃಹಸ್ಥರು ಒಂದೆರಡು ವರ್ಷಗಳೊಳಗೆ ಮತ್ತೆ ಅದೇ ಬಲೆಯಲ್ಲಿ ಸಿಕ್ಕಿಬೀಳುವುದನ್ನು ನಾವು ನೀವೆಲ್ಲರೂ ನಮ್ಮ ಸುತ್ತಮುತ್ತಲೇ ಕಾಣುತ್ತಿದ್ದೇವಷ್ಟೆ. ಆದುದರಿಂದ ಇಂದು ಆ ಉಳಿದುಹೋದ ವಿಷಯವನ್ನೇ, ವಿಶೇಷವಾಗಿ ಕ್ರೆಡಿಟ್ ಕಾರ್ಡಿನ ಸಾಲವನ್ನು ಮುಂದಿರಿಸಿಕೊಂಡು, ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇವೆ.

ಪಾಠ ಹೇಳತಕ್ಕ ಮೇಷ್ಟ್ರಿಗೆ ಮನೆಮನೆಯ ಜಮಾಖರ್ಚಿನ ಗೊಡವೆ ಏತಕ್ಕೆಂದು ಕೆಲವರಿಗೆ ಅನ್ನಿಸೀತು. ಉತ್ತರ ಸರಳವಾಗಿದೆ. ಮನೆಯ ಸಾಲವು ಮೊದಲು ಕಾಣಿಸಿಕೊಳ್ಳುವುದು ಮಕ್ಕಳ ಮುಖದಲ್ಲಿ. ಹತ್ತನೆಯ ತರಗತಿಯನ್ನೋ ಹನ್ನೆರಡನೆಯ ತರಗತಿಯನ್ನೋ ಚೆನ್ನಾಗಿ ಮುಗಿಸಿದ ಮಗು, ಮಂಗಳೂರಿನ ಕಾಲೇಜಿಗೆ ಪ್ರವೇಶಧನ ಕಟ್ಟಬೇಕಾದ ಜೂನ್ ತಿಂಗಳಲ್ಲಿ ಮನೆಯಲ್ಲಿ ಹಣವಿಲ್ಲದೆ ಒಂದು ವರ್ಷ ಸುಮ್ಮನಿರಬೇಕಾಗುತ್ತದೆ. ಹೆಣ್ಣುಮಗುವಾದರೆ ಆ ಒಂದು ವರ್ಷವು ಅನೇಕ ವೇಳೆ ವಿದ್ಯಾಭ್ಯಾಸದ ಕೊನೆಯೇ ಆಗುತ್ತದೆ. ಈ ನಮ್ಮ ಸಂಘದ ನಿಧಿಯು ತಂದೆ ತಾಯಿಗಳಿಗೆ ಗತಿಯಿಲ್ಲದ ಮಕ್ಕಳಿಗಾಗಿ ಧರ್ಮಾತ್ಮರು ಕೂಡಿಸಿಟ್ಟ ನಿಧಿ. ತಿಂಗಳ ವರಮಾನವುಳ್ಳ ಮನೆಯ ಮಕ್ಕಳೂ ಸಾಲದ ಕಾರಣದಿಂದ ಅದೇ ನಿಧಿಯ ಬಾಗಿಲಿಗೆ ಬಂದು ನಿಲ್ಲುವಂತಾದರೆ, ಇರುವ ಒಂದು ಕೊಡ ನೀರನ್ನು ಯಾರಿಗೆ ಹಂಚುವುದು? ಆದುದರಿಂದ ಇದು ಶಾಲೆಯ ವಿಷಯವೂ ಅಹುದು, ಸಂಘದ ವಿಷಯವೂ ಅಹುದು.

ನಮ್ಮ ಹಿರಿಯರು ಸಾಲ, ಬೆಂಕಿ, ರೋಗ ಈ ಮೂರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ, ಇವುಗಳಲ್ಲಿ ಶೇಷವನ್ನು ಉಳಿಸಬಾರದೆಂದು ಎಚ್ಚರಿಸಿದ್ದಾರೆ. ಬೂದಿಯ ಅಡಿಯಲ್ಲಿ ಒಂದು ಕೆಂಡ ಉಳಿದರೆ ಗಾಳಿ ಬೀಸಿದಾಗ ಅದು ಮತ್ತೆ ಉರಿದೇಳುವುದು. ಸಾಲದ ಶೇಷವೆಂದರೆ ಬರಿಯ ರೂಪಾಯಿಯ ಬಾಕಿಯಲ್ಲ. ಸಾಲವನ್ನು ಹುಟ್ಟಿಸಿದ ಅಭ್ಯಾಸವು ಉಳಿದರೆ ಅದೂ ಶೇಷವೇ. ಈ ಎರಡು ಬಗೆಯ ಶೇಷಗಳನ್ನೂ ಕ್ರಮವಾಗಿ ನೋಡೋಣ.

ಮೊದಲು ಈ ಕಾರ್ಡಿನ ಸ್ವಭಾವವನ್ನು ತಿಳಿಯಬೇಕು. ನಮ್ಮ ದೇಶದಲ್ಲಿ ಕ್ರೆಡಿಟ್ ಕಾರ್ಡು ಬಂದುದು ೧೯೮೦ರಲ್ಲಿ, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಮೂಲಕ. ಆಗ ಅದು ನಗರದ ಸಿರಿವಂತರ ಜೇಬಿನ ವಸ್ತು. ಇಂದು ಕುಂಬಳೆ, ಬದಿಯಡ್ಕ, ಮಂಜೇಶ್ವರದ ಪೇಟೆಗಳಲ್ಲಿಯೂ ಅದು ಸಾಮಾನ್ಯವಾಗಿದೆ. ಪಟ್ಟಿ ಬಂದ ಗಡುವಿನೊಳಗೆ ಪೂರ್ಣ ಮೊತ್ತವನ್ನು ಕಟ್ಟಿದರೆ ಬಡ್ಡಿಯಿಲ್ಲ. ಆದರೆ ಸ್ವಲ್ಪ ಬಾಕಿ ಉಳಿಸಿದರೂ ತಿಂಗಳಿಗೆ ನೂರಕ್ಕೆ ಮೂರರಿಂದ ಮೂರೂಮುಕ್ಕಾಲು ರೂಪಾಯಿಯವರೆಗೆ ಬಡ್ಡಿ ಬೀಳುವುದು ಸಾಮಾನ್ಯ. ಆ ಬಡ್ಡಿಯ ಮೇಲೆ ಶೇಕಡಾ ೧೮ರಂತೆ ಜಿ.ಎಸ್.ಟಿ. ಬೇರೆ. ಬಾಕಿಯಿರುವ ತನಕ ಹೊಸ ಖರೀದಿಗೂ ಬಡ್ಡಿರಹಿತ ಅವಧಿಯು ಸಿಗುವುದಿಲ್ಲ. ಕಾರ್ಡಿನಿಂದ ನಗದು ತೆಗೆದರಂತೂ ಆ ದಿನದಿಂದಲೇ ಬಡ್ಡಿ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಡ್ಡಿಯ ದರಗಳ ಒಂದು ವಿವರವಿದೆ. ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣವು ಧರ್ಮಸಮ್ಮತವಾದ ದರ. ವ್ಯಾಪಾರದ ಸಾಲಕ್ಕೆ ಐದು ಪಣ. ಅಡವಿಯನ್ನು ದಾಟಿ ಹೋಗುವವರಿಗೆ ಹತ್ತು. ಸಮುದ್ರಯಾನ ಮಾಡುವವರಿಗೆ ಇಪ್ಪತ್ತು. ಅಪಾಯವೂ ಲಾಭವೂ ಹೆಚ್ಚಿದಂತೆ ಬಡ್ಡಿಯೂ ಹೆಚ್ಚಬಹುದೆಂಬುದು ಅದರ ತತ್ತ್ವ. ಇಂದಿನ ಕಾರ್ಡಿನ ಮೂರೂವರೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಗೃಹಸ್ಥನಿಗೆ ವಿಧಿಸಿದ ದರದ ಸುಮಾರು ಮೂರರಷ್ಟು! ವ್ಯಾಪಾರಿಯಾದರೆ ಸಾಲದ ಹಣವನ್ನು ಮಾರಾಟದಲ್ಲಿ ತೊಡಗಿಸಿ ಲಾಭ ಪಡೆದು ಬಡ್ಡಿ ಕಟ್ಟಿಯಾನು. ಮನೆಗೆ ತಂದ ಶೀತಕಪೆಟ್ಟಿಗೆಯೂ ಮದುವೆಗೆ ಉಟ್ಟ ಸೀರೆಯೂ ಯಾವ ಲಾಭವನ್ನು ತರಬಲ್ಲವು?

ಒಂದು ಲೆಕ್ಕವನ್ನು ಮಾಡೋಣ, ಲೆಕ್ಕವೆಂದರೆ ಬೇಸರಪಡಬಾರದು. ಕಾರ್ಡಿನಲ್ಲಿ ೫೦,೦೦೦ ರೂಪಾಯಿ ಬಾಕಿ ಇದೆಯೆಂದು ಭಾವಿಸಿರಿ. ತಿಂಗಳಿಗೆ ಮೂರೂವರೆಯಂತೆ ಬಡ್ಡಿ ೧,೭೫೦ ರೂಪಾಯಿ, ಅದರ ಮೇಲಿನ ತೆರಿಗೆ ೩೧೫ ರೂಪಾಯಿ, ಒಟ್ಟು ೨,೦೬೫. ಗೃಹಸ್ಥನು ಆ ತಿಂಗಳು ೨,೫೦೦ ರೂಪಾಯಿ ಕಟ್ಟಿದರೆ ಅಸಲಿಗೆ ಸಲ್ಲುವುದು ಕೇವಲ ೪೩೫ ರೂಪಾಯಿ. ಹೊಸದಾಗಿ ಒಂದು ಕಾಸನ್ನೂ ಖರ್ಚು ಮಾಡದೆ ಪ್ರತಿ ತಿಂಗಳೂ ತಪ್ಪದೆ ೨,೫೦೦ ಕಟ್ಟುತ್ತ ಬಂದರೆ ಸಾಲವು ತೀರಲು ಸುಮಾರು ೪೩ ತಿಂಗಳು ಬೇಕು. ಅಷ್ಟರಲ್ಲಿ ಅವನು ತೆತ್ತ ಹಣ ಒಂದು ಲಕ್ಷ ಎಂಟು ಸಾವಿರದಷ್ಟು. ಐವತ್ತು ಸಾವಿರದ ವಸ್ತುವಿಗೆ ಒಂದು ಲಕ್ಷ ಎಂಟು ಸಾವಿರ ಬೆಲೆ!

ಸರಕಾರವಾಗಲಿ ನ್ಯಾಯಾಲಯವಾಗಲಿ ಈ ದರಕ್ಕೆ ಕಡಿವಾಣ ಹಾಕಲಾರದೆ ಎಂದು ಕೆಲವರು ಕೇಳುತ್ತಾರೆ. ೨೦೦೮ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು, ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇಕಡಾ ೩೦ನ್ನು ಮೀರಿದ ಬಡ್ಡಿಯು ಅನುಚಿತವೆಂದು ತೀರ್ಪಿತ್ತಿತ್ತು. ಆದರೆ ೨೦೨೪ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಗೊಳಿಸಿತು. ಆದುದರಿಂದ ನಮ್ಮ ಕಾವಲನ್ನು ನಾವೇ ಕಾಯತಕ್ಕದ್ದು.

ಇನ್ನು ಸಾಲ ತೀರಿದ ಮನೆಗೆ ಬರೋಣ. ಇಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ: ಸಾಲವು ನಿಜವಾಗಿ ತೀರಿತೋ, ಅಥವಾ ಸ್ಥಳ ಬದಲಾಯಿಸಿತೋ? ಹೆಂಡತಿಯ ಬಳೆಯನ್ನು ಅಡವಿಟ್ಟು ಕಾರ್ಡಿನ ಬಾಕಿ ಕಟ್ಟಿದವನು ಋಣಮುಕ್ತನಲ್ಲ. ಅವನ ಸಾಲವು ಕಾರ್ಡಿನಿಂದ ಚಿನ್ನಕ್ಕೆ ದಾಟಿದೆ, ಅಷ್ಟೆ. ಹೆಚ್ಚು ಬಡ್ಡಿಯಿಂದ ಕಡಿಮೆ ಬಡ್ಡಿಗೆ ದಾಟಿದುದು ಜಾಣತನವೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾರ್ಡಿನ ಪಟ್ಟಿ ಸೊನ್ನೆಯಾಯಿತೆಂಬ ನೆಮ್ಮದಿಯಲ್ಲಿ ಅಡವಿನ ಬಡ್ಡಿಯನ್ನು ಮರೆತು ಕಾರ್ಡನ್ನು ಮತ್ತೆ ಉಜ್ಜತೊಡಗಿದರೆ, ಮೊದಲಿದ್ದ ಒಂದು ಸಾಲದ ಸ್ಥಾನದಲ್ಲಿ ಎರಡು ಸಾಲಗಳಾಗುತ್ತವೆ. ಬಳೆಯು ಪೆಟ್ಟಿಗೆಗೆ ಮರಳಿ ಬಂದ ದಿನವೇ ಸಾಲ ತೀರಿದ ದಿನವೆಂದು ತಿಳಿಯತಕ್ಕದ್ದು.

ಎರಡನೆಯದಾಗಿ, ಕಾಗದದ ಮೇಲಿನ ಶೇಷ. ಪಟ್ಟಿಯಲ್ಲಿ ಕಂಡ ಮೊತ್ತವನ್ನು ಕಟ್ಟಿದರೆ ಎಲ್ಲವೂ ಮುಗಿಯಿತೆಂದು ಭಾವಿಸಬಾರದು. ಬಾಕಿ ಉಳಿಸುತ್ತ ಬಂದವರಿಗೆ, ಪಟ್ಟಿ ಬರೆದ ದಿನದಿಂದ ಹಣ ಕಟ್ಟಿದ ದಿನದವರೆಗಿನ ಬಡ್ಡಿಯು ಮುಂದಿನ ತಿಂಗಳ ಪಟ್ಟಿಯಲ್ಲಿ ಬರುತ್ತದೆ. ಅದು ಕೆಲವು ನೂರು ರೂಪಾಯಿಯಷ್ಟೇ ಇರಬಹುದು. ಅದನ್ನು ಗಮನಿಸದೆ ಬಿಟ್ಟರೆ ತಡವಾದ ದಂಡ, ದಂಡದ ಮೇಲೆ ತೆರಿಗೆ, ಹೀಗೆ ಬಳ್ಳಿ ಹಬ್ಬುತ್ತದೆ. ಹಿರಿಯರು ಹೇಳಿದ ಕೆಂಡವೆಂದರೆ ಇದೇ. ಆದುದರಿಂದ ಕಟ್ಟಿದ ಮೇಲೆ ಎರಡು ತಿಂಗಳ ಪಟ್ಟಿಯನ್ನಾದರೂ ಪರೀಕ್ಷಿಸಿ, ಸೊನ್ನೆಯೆಂದು ಕಂಡ ಬಳಿಕ, ಬಾಕಿಯಿಲ್ಲವೆಂಬ ಪತ್ರವನ್ನು ಬ್ಯಾಂಕಿನಿಂದ ಬರೆಸಿ ಪಡೆದು, ಜಾಗದ ಆಧಾರಪತ್ರಗಳ ಜೊತೆಯಲ್ಲಿ ಜೋಪಾನವಾಗಿ ಇರಿಸಿಕೊಳ್ಳಬೇಕು.

ಕಾರ್ಡನ್ನು ಮುಚ್ಚಬೇಕೆಂದಿದ್ದರೆ ಅದನ್ನು ಕತ್ತರಿಯಿಂದ ತುಂಡರಿಸಿದರೆ ಸಾಲದು. ಲಿಖಿತ ವಿನಂತಿ ಕೊಡಬೇಕು. ಬಾಕಿಯಿಲ್ಲದ ಕಾರ್ಡನ್ನು ವಿನಂತಿ ಬಂದ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕೆಂದೂ, ತಪ್ಪಿದರೆ ದಿನಕ್ಕೆ ೫೦೦ ರೂಪಾಯಿಯಂತೆ ಗ್ರಾಹಕನಿಗೆ ದಂಡ ತೆರಬೇಕೆಂದೂ ರಿಸರ್ವ್ ಬ್ಯಾಂಕು ೨೦೨೨ರ ತನ್ನ ನಿರ್ದೇಶನದಲ್ಲಿ ವಿಧಿಸಿದೆ. ಗ್ರಾಹಕನ ಒಪ್ಪಿಗೆಯಿಲ್ಲದೆ ಕಾರ್ಡಿನ ಮಿತಿಯನ್ನು ಏರಿಸಕೂಡದು, ಕೇಳದೆ ಕಾರ್ಡು ಕೊಡಕೂಡದು ಎಂಬುದೂ ಅದರಲ್ಲಿಯೇ ಇದೆ. ಬ್ಯಾಂಕಿಗೆ ಬರೆದು ಮೂವತ್ತು ದಿನಗಳಾದರೂ ನ್ಯಾಯ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ಸಾಲದ ಚರಿತ್ರೆಯನ್ನು ದಾಖಲಿಸುವ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕಾಗಿದೆ. ಅದನ್ನು ತರಿಸಿ ನೋಡಿರಿ. ಪೂರ್ತಿ ಕಟ್ಟಿ ಮುಚ್ಚಿದ ಖಾತೆಗೂ, ಚೌಕಾಸಿ ಮಾಡಿ ಒಂದಷ್ಟು ಬಿಡಿಸಿಕೊಂಡ ಖಾತೆಗೂ ಅದರಲ್ಲಿ ವ್ಯತ್ಯಾಸ ಕಾಣಿಸುತ್ತದೆ. ನಾಳೆ ಮಗಳ ವಿದ್ಯಾಭ್ಯಾಸಕ್ಕೆ ಸಾಲ ಕೇಳುವಾಗ ಆ ಒಂದು ಶಬ್ದವು ಅಡ್ಡ ಬರಬಹುದು.

ಇಲ್ಲಿ ನಮ್ಮ ಭಾಷೆಯ ಮಾತೂ ಬರುತ್ತದೆ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಭಾಷಾ ಅಲ್ಪಸಂಖ್ಯಾತರಾಗಿ ಬಾಳುತ್ತಿದ್ದೇವೆ. ಬ್ಯಾಂಕಿನ ಕಾಗದಗಳು ಇಂಗ್ಲಿಷಿನಲ್ಲಿಯೋ ಮಲಯಾಳದಲ್ಲಿಯೋ ಇರುತ್ತವೆ. ಕನ್ನಡದಲ್ಲಿ ಓದಿದ ನಮ್ಮ ತಂದೆ ತಾಯಂದಿರು, ಓದಲಾರದ ಕಾಗದಕ್ಕೆ ಸಹಿ ಹಾಕುವುದನ್ನು ಒಂದು ಸಂಪ್ರದಾಯವನ್ನಾಗಿ ಮಾಡಿಕೊಂಡಿದ್ದಾರೆ. ಕಾರ್ಡಿನ ಬಾಕಿ ತೀರಿಸಲು ಬ್ಯಾಂಕಿನಿಂದ ಕಂತಿನ ಸಾಲವನ್ನು ಪಡೆಯುವವರು ಒಂದು ವಿಷಯವನ್ನು ತಿಳಿದಿರಲಿ. ೨೦೨೪ರ ಅಕ್ಟೋಬರ್ ೧ರಿಂದ, ವ್ಯಕ್ತಿಗಳಿಗೆ ಕೊಡುವ ಕಂತಿನ ಸಾಲಗಳ ಬಡ್ಡಿ, ಶುಲ್ಕ ಮೊದಲಾದ ಮುಖ್ಯಾಂಶಗಳನ್ನು ಒಂದು ಪತ್ರದಲ್ಲಿ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ‘ನಮಗೆ ಕನ್ನಡದಲ್ಲಿ ಕೊಡಿ’ ಎಂದು ಕೇಳುವುದು ಜಗಳಗಂಟತನವಲ್ಲ, ಅದು ಹಕ್ಕು. ಕನ್ನಡ ಶಾಲೆಯನ್ನು ಉಳಿಸಬೇಕೆಂದು ಸಭೆ ಸೇರುವ ನಾವು ಸಹಿ ಹಾಕುವ ಮುಂಚೆಯೂ ಕನ್ನಡವನ್ನು ನೆನೆಯಬೇಕಲ್ಲವೆ?

ಇನ್ನು ಅಭ್ಯಾಸದ ಶೇಷವನ್ನು ನೋಡೋಣ. ಇದೇ ಹೆಚ್ಚು ಕಠಿಣವಾದುದು. ಸಾಲಕ್ಕೆ ಬಡತನವೊಂದೇ ಕಾರಣವೆಂದು ನಾವು ಸಾಧಾರಣವಾಗಿ ನಂಬಿರುತ್ತೇವೆ. ಮಾಲ್ಕಮ್ ಡಾರ್ಲಿಂಗ್ ಎಂಬ ಅಧಿಕಾರಿಯು ಪಂಜಾಬಿನ ರೈತರ ಸಾಲವನ್ನು ಕುರಿತು ೧೯೨೫ರಲ್ಲಿ ಒಂದು ಪ್ರಸಿದ್ಧ ಗ್ರಂಥವನ್ನು ಬರೆದನು. ಅವನು ಪರಿಶೀಲಿಸಿದ ಭೂಮಾಲಿಕರಲ್ಲಿ ಸಾಲವಿಲ್ಲದವರು ನೂರಕ್ಕೆ ಹದಿನೇಳು ಮಂದಿ ಮಾತ್ರ. ವಿಚಿತ್ರವೆಂದರೆ, ಕಾಲುವೆಗಳು ಬಂದು ಭೂಮಿಯ ಬೆಲೆಯೂ ಬೆಳೆಯ ಬೆಲೆಯೂ ಏರಿ ರೈತನು ಸಮೃದ್ಧನಾದಂತೆ ಸಾಲವೂ ಏರಿತ್ತು. ಸಾಲ ಕೊಡುವವರು ಧಾರಾಳವಾದರೆ ಪಡೆಯುವವನೂ ಧಾರಾಳವಾಗುತ್ತಾನೆ. ವಿಶ್ವಾಸವು ಸುಲಭವಾಗಿ ದೊರೆತಲ್ಲಿ, ಅದನ್ನು ಬಳಸುವ ಶಿಕ್ಷಣವಿಲ್ಲದಿದ್ದರೆ, ಸಮೃದ್ಧಿಯೇ ಸಾಲದ ತಾಯಿಯಾಗುತ್ತದೆ.

ನಮ್ಮ ಜಿಲ್ಲೆಗೂ ಈ ಮಾತು ಚೆನ್ನಾಗಿ ಅನ್ವಯಿಸುತ್ತದೆ. ಕೊಲ್ಲಿ ದೇಶದಿಂದ ಹಣ ಬರುವ ಮನೆ, ಅಡಿಕೆಗೆ ಒಳ್ಳೆಯ ಧಾರಣೆ ಕಂಡ ಮನೆ, ಗಂಡ ಹೆಂಡಿರಿಬ್ಬರಿಗೂ ಸಂಬಳವಿರುವ ಮನೆ, ಇವುಗಳಿಗೇ ಕಾರ್ಡುಗಳು ಹುಡುಕಿಕೊಂಡು ಬರುವುದು. ಕಾರ್ಡಿನ ಮಿತಿಯು ಎರಡು ಲಕ್ಷವೆಂದು ಬ್ಯಾಂಕು ಬರೆದುಕೊಟ್ಟರೆ, ತಮ್ಮ ಆಸ್ತಿಯೇ ಎರಡು ಲಕ್ಷ ಹೆಚ್ಚಿತೆಂದು ಮನಸ್ಸು ಭ್ರಮಿಸುತ್ತದೆ. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಆದರೆ ಪರರ ಹಾಸಿಗೆಯನ್ನು ತಂದು ನಮ್ಮ ಹಾಸಿಗೆಗೆ ಹೊಲಿದುಕೊಟ್ಟರೆ ಅಳತೆ ತಪ್ಪುವುದು ಸಹಜ.

ಮತ್ತೊಂದು ಭೇದವನ್ನು ಗಮನಿಸಿರಿ. ನಮ್ಮ ದೇಶದಲ್ಲಿ ಸಹಕಾರಿ ಪತ್ತಿನ ಕಾಯಿದೆ ಬಂದುದು ೧೯೦೪ರಲ್ಲಿ. ಮರುವರ್ಷ ಗದಗದ ಸಮೀಪದ ಕಣಗಿನಹಾಳದಲ್ಲಿ ಶ್ರೀ ಸಿದ್ಧನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಸಹಕಾರಿ ಸಂಘವು ಸ್ಥಾಪಿತವಾಯಿತು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಆ ಕಾಲದಲ್ಲಿ, ೧೯೦೯ರಲ್ಲಿ, ಶ್ರೀ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ ಸಹಕಾರದ ಬೀಜವನ್ನು ಬಿತ್ತಿದರು. ಇವಕ್ಕೆಲ್ಲ ಮಾದರಿಯಾಗಿದ್ದುದು ಜರ್ಮನಿಯ ರೈಫೈಸೆನ್ನನು ೧೮೬೦ರ ದಶಕದಲ್ಲಿ ಕಟ್ಟಿದ ಗ್ರಾಮ ಸಂಘಗಳು. ಆ ಸಂಘಗಳಲ್ಲಿ ಸಾಲ ಕೇಳಿದವನಿಗೆ ‘ಏತಕ್ಕಾಗಿ?’ ಎಂಬ ಪ್ರಶ್ನೆಯನ್ನು ನೆರೆಹೊರೆಯವರೇ ಕುಳಿತು ಕೇಳುತ್ತಿದ್ದರು. ಎತ್ತು ಕೊಳ್ಳುವುದಕ್ಕೆಂದರೆ ಕೊಡುವರು, ಆಡಂಬರಕ್ಕೆಂದರೆ ಇಲ್ಲವೆನ್ನುವರು. ಕಾರ್ಡಾದರೋ ಏತಕ್ಕೆಂದು ಎಂದೂ ಕೇಳುವುದಿಲ್ಲ. ಅಂಗಡಿಯವನು ಕೇಳುವುದಿಲ್ಲ, ಯಂತ್ರವಂತೂ ಕೇಳುವುದೇ ಇಲ್ಲ. ಕೇಳುವವರಿಲ್ಲದ ಸಾಲವೇ ಅತ್ಯಂತ ಅಪಾಯಕರವಾದ ಸಾಲ. ಆದುದರಿಂದ ಋಣಮುಕ್ತನಾದ ಗೃಹಸ್ಥನು ತನ್ನ ಮನೆಯನ್ನೇ ಒಂದು ಸಣ್ಣ ಸಹಕಾರ ಸಂಘವನ್ನಾಗಿ ಮಾಡಿಕೊಳ್ಳತಕ್ಕದ್ದು. ತಿಂಗಳಿಗೊಮ್ಮೆ, ಊಟವಾದ ಮೇಲೆ, ಗಂಡ ಹೆಂಡಿರು ಬೆಳೆದ ಮಕ್ಕಳೊಡನೆ ಕುಳಿತು ಲೆಕ್ಕದ ಪುಸ್ತಕವನ್ನು ಬಿಡಿಸಲಿ. ಇಂತಿಷ್ಟು ರೂಪಾಯಿಗೆ ಮೇಲ್ಪಟ್ಟ ಯಾವ ಖರೀದಿಯೂ ಈ ಸಭೆಯ ಒಪ್ಪಿಗೆಯಿಲ್ಲದೆ ನಡೆಯಬಾರದೆಂದು ನಿರ್ಣಯಿಸಲಿ. ಅನೇಕ ಮನೆಗಳಲ್ಲಿ ಯಜಮಾನನ ಕಾರ್ಡಿನ ಸಾಲವು ಮನೆಯವರಿಗೆ ತಿಳಿಯುವುದು ವಸೂಲಿಯ ಕರೆ ಬಂದಾಗಲೇ. ಮುಚ್ಚಿಟ್ಟ ಸಾಲವು ಬೆಳೆಯುವಷ್ಟು ವೇಗವಾಗಿ ಹೇಳಿಕೊಂಡ ಸಾಲವು ಬೆಳೆಯಲಾರದು.

ಈಗ ನಮ್ಮ ಭಾಷಣದ ಮುಖ್ಯವಾದ ಸಲಹೆಗೆ ಬಂದೆವು. ಕಂತು ತೀರಿತೆಂದು ಕಂತು ಕಟ್ಟುವ ಅಭ್ಯಾಸವನ್ನು ಬಿಡಬೇಡಿರಿ. ೪೩ ತಿಂಗಳು ಹೊಟ್ಟೆ ಬಟ್ಟೆ ಕಟ್ಟಿ ತಿಂಗಳಿಗೆ ೨,೫೦೦ ರೂಪಾಯಿ ಕಟ್ಟಿದ ಮನೆಯು ಆ ಹಣವಿಲ್ಲದೆ ಬಾಳಲು ಕಲಿತಿದೆ. ಸಾಲ ತೀರಿದ ಮೊದಲನೆಯ ತಿಂಗಳಲ್ಲಿಯೇ ಆ ೨,೫೦೦ ರೂಪಾಯಿಯನ್ನು, ಅದೇ ತಾರೀಕಿನಂದು, ಅಂಚೆ ಕಚೇರಿಯ ಅಥವಾ ಬ್ಯಾಂಕಿನ ಆವರ್ತ ಠೇವಣಿಗೆ ತಿರುಗಿಸಿಬಿಡಿರಿ. ಎರಡು ವರ್ಷಗಳಲ್ಲಿ ಬಡ್ಡಿಯನ್ನು ಬಿಟ್ಟು ಅಸಲೇ ೬೦,೦೦೦ ರೂಪಾಯಿಯಾಗುತ್ತದೆ. ಅದೇ ೪೩ ತಿಂಗಳು ಕಟ್ಟಿದರೆ ೧,೦೭,೫೦೦ ರೂಪಾಯಿಯ ಮೇಲೆ ಬಡ್ಡಿಯೂ ಸೇರಿ ನಿಮ್ಮದೇ ಆಗಿರುತ್ತದೆ. ಹಣವೂ ಅದೇ, ತಿಂಗಳುಗಳೂ ಅವೇ. ಬಡ್ಡಿಯ ಪ್ರವಾಹ ಮಾತ್ರ ದಿಕ್ಕು ಬದಲಾಯಿಸಿದೆ. ಒಂದು ತಿಂಗಳು ‘ಸ್ವಲ್ಪ ಉಸಿರಾಡೋಣ’ ಎಂದು ಆ ಹಣವನ್ನು ಖರ್ಚಿಗೆ ಬಿಟ್ಟರೆ, ಮರು ತಿಂಗಳು ಅದು ಮನೆಯ ಖರ್ಚಿನಲ್ಲಿ ಕರಗಿ ಕಾಣದಂತಾಗುವುದು.

ದೊಡ್ಡ ಮೊತ್ತವನ್ನು ಕೂಡಿಸಲಾರೆವೆಂದು ಬೀಡಿ ಸುತ್ತುವ ತಾಯಂದಿರೂ ದಿನಗೂಲಿಯ ಸಹೋದರರೂ ನಿರಾಶರಾಗಬೇಕಾಗಿಲ್ಲ. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟು ೧೯೨೮ರಲ್ಲಿ ಪಿಗ್ಮಿ ಎಂಬ ಯೋಜನೆಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಹಣವನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದನು. ನೇಕಾರರು, ಸಣ್ಣ ಅಂಗಡಿಯವರು, ಕೂಲಿಕಾರರು ಹೀಗೆ ಹನಿಹನಿಯಾಗಿ ಕೂಡಿಸಿದ ಹಣದಿಂದ ಸಂಸಾರಗಳೂ ಬೆಳೆದವು, ಬ್ಯಾಂಕೂ ಬೆಳೆಯಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಅದು ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ನಮ್ಮ ಕರಾವಳಿಯ ನುಡಿಯಲ್ಲಿ ಉಳಿದಿದೆ. ಆ ಯೋಜನೆಯ ಗುಟ್ಟು ಇಷ್ಟೆ: ಖರ್ಚಿನ ಆಸೆ ದಿನವೂ ಬಾಗಿಲು ತಟ್ಟುವುದಾದರೆ ಉಳಿತಾಯವೂ ದಿನವೂ ಬಾಗಿಲು ತಟ್ಟಬೇಕು. ಕುಟುಂಬಶ್ರೀಯ ನೆರೆಕೂಟಗಳಲ್ಲಿ ವಾರವಾರ ಸೇರುವ ಉಳಿತಾಯದ ಹಿಂದಿರುವುದೂ ಇದೇ ತತ್ತ್ವ.

ಹೀಗೆ ಕೂಡಿದ ಹಣಕ್ಕೆ ಮೊದಲನೆಯ ಕೆಲಸ ಯಾವುದು? ಮತ್ತೆ ಸಾಲಕ್ಕೆ ಎಳೆಯುವ ಆಕಸ್ಮಿಕಗಳನ್ನು ತಡೆಯುವುದು. ಆಸ್ಪತ್ರೆಯ ಖರ್ಚು, ಮಳೆಗಾಲದಲ್ಲಿ ಹಾರಿಹೋದ ಮಾಡು, ಕೆಟ್ಟುಹೋದ ಪಂಪು, ಇಂಥವು ಯಾವಾಗ ಬರುವವೆಂದು ತಿಳಿಯದು. ಬಂದೇ ಬರುವವೆಂದು ಮಾತ್ರ ತಿಳಿದಿದೆ. ಮೂರು ತಿಂಗಳ ಮನೆಖರ್ಚಿನಷ್ಟಾದರೂ ಪ್ರತ್ಯೇಕ ಖಾತೆಯಲ್ಲಿ ಇರಲಿ. ಇನ್ನು ಕೆಲವು ಖರ್ಚುಗಳನ್ನು ನಾವು ಆಕಸ್ಮಿಕವೆಂದು ಕರೆಯುತ್ತೇವೆ. ಅವು ಆಕಸ್ಮಿಕವೇ ಅಲ್ಲ. ಶಾಲೆಯು ಜೂನ್ ತಿಂಗಳಲ್ಲಿ ತೆರೆಯುವುದು ಯಾರಿಗೆ ತಿಳಿದಿಲ್ಲ? ಅಡಿಕೆಗೆ ಕೊಳೆರೋಗ ತಗಲದಂತೆ ಮಳೆಗೆ ಮುಂಚಿತವಾಗಿ ಮೈಲುತುತ್ತಿನ ದ್ರಾವಣ ಸಿಂಪಡಿಸಬೇಕೆಂಬುದು ಯಾವ ಕೃಷಿಕನಿಗೆ ಹೊಸದು? ವಿಮೆಯ ಕಂತು, ತರವಾಡಿನ ನೇಮ, ಊರಿನ ಜಾತ್ರೆ, ಹಬ್ಬ, ಇವೆಲ್ಲ ಪಂಚಾಂಗದಲ್ಲಿ ಬರೆದಿರುವ ಖರ್ಚುಗಳು. ಇವುಗಳ ವರ್ಷದ ಒಟ್ಟು ಮೊತ್ತವನ್ನು ಹನ್ನೆರಡರಿಂದ ಭಾಗಿಸಿ ತಿಂಗಳು ತಿಂಗಳು ತೆಗೆದಿರಿಸಿದರೆ, ಕಾರ್ಡನ್ನು ನೆನೆಯುವ ಪ್ರಸಂಗವೇ ಬಾರದು.

ಅಡಿಕೆಯ ಮಾತು ಬಂದುದರಿಂದ ಒಂದು ದೊಡ್ಡ ಸತ್ಯವನ್ನು ಅದರ ಮೂಲಕವೇ ಹೇಳುತ್ತೇವೆ. ಕೊಯ್ದು ಒಣಗಿಸಿ ಸುಲಿದ ಅಡಿಕೆಯನ್ನು ಕೃಷಿಕನು ಚೀಲದಲ್ಲಿ ತುಂಬಿ ಅಟ್ಟದಲ್ಲಿರಿಸಿ ಒಳ್ಳೆಯ ಧಾರಣೆಗಾಗಿ ಕಾಯಬಲ್ಲನು. ಆದರೆ ಯಾರು ಕಾಯಬಲ್ಲರು? ಸಾಲವಿಲ್ಲದವನು ಕಾಯಬಲ್ಲನು. ತಿಂಗಳ ಹದಿನೈದಕ್ಕೆ ಕಾರ್ಡಿನ ಗಡುವು ಇರುವವನು ಹತ್ತನೆಯ ತಾರೀಕಿನ ಧಾರಣೆ ಎಷ್ಟೇ ಇಳಿದಿರಲಿ ಮಾರಲೇಬೇಕು. ೧೯೭೦ರ ಸುಮಾರಿಗೆ ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ಶ್ರೀ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಕೇರಳಗಳೆರಡಕ್ಕೂ ಸೇರಿದ ಕ್ಯಾಂಪ್ಕೋ ಸಂಸ್ಥೆಯು ೧೯೭೩ರ ಜುಲೈ ೧೧ರಂದು ಜನ್ಮ ತಾಳಿತು. ಒಬ್ಬೊಬ್ಬನಾಗಿ ಕಾಯಲಾರದ ಬೆಳೆಗಾರರು ಒಟ್ಟುಗೂಡಿ ಕಾಯುವ ಶಕ್ತಿಯನ್ನು ಪಡೆಯುವುದೇ ಅದರ ಅಭಿಪ್ರಾಯ. ಹಾಗೆ ನೋಡಿದರೆ ಸಾಲವು ನಮ್ಮಿಂದ ಕಸಿದುಕೊಳ್ಳುವುದು ಬರಿಯ ಹಣವನ್ನಲ್ಲ, ಕಾಯುವ ಶಕ್ತಿಯನ್ನು. ಕಾರ್ಡು ಮಾರುವ ಸರಕೂ ಅದೇ: ಕಾಯಬೇಡ, ಇಂದೇ ಕೊಂಡುಕೋ ಎಂಬ ಮಾತು. ಬೇಕೆನಿಸಿದ ವಸ್ತುವಿಗಾಗಿ ಮೂವತ್ತು ದಿನ ಕಾಯುವ ನಿಯಮವನ್ನು ಮನೆಯಲ್ಲಿ ಮಾಡಿಕೊಂಡು ನೋಡಿರಿ. ಅನೇಕ ವಸ್ತುಗಳು ಮೂವತ್ತು ದಿನಗಳೊಳಗೆ ತಾವಾಗಿಯೇ ಬೇಡವಾಗಿ ಹೋಗುತ್ತವೆ.

ಕಾರ್ಡನ್ನು ಪೂರ್ಣವಾಗಿ ತ್ಯಜಿಸಬೇಕೆ ಎಂದು ಕೇಳುವವರಿಗೆ ನಮ್ಮ ಉತ್ತರವು ಮಧ್ಯಮ ಮಾರ್ಗದ್ದು. ಒಮ್ಮೆ ಸುಟ್ಟುಕೊಂಡವರು ಕೆಲವು ವರ್ಷಗಳ ಕಾಲ ಇಲ್ಲದೆಯೇ ಇರುವುದು ಮೇಲು. ಉದ್ಯೋಗದ ನಿಮಿತ್ತ ಬೇಕೇ ಬೇಕೆನ್ನುವವರು ಒಂದನ್ನು ಮಾತ್ರ ಇಟ್ಟುಕೊಳ್ಳಲಿ. ಅದರ ಮಿತಿಯನ್ನು ಒಂದು ತಿಂಗಳ ವರಮಾನದ ಕಾಲುಭಾಗಕ್ಕೆ ಇಳಿಸಿಕೊಳ್ಳಲಿ. ಗಡುವಿನಂದು ಪೂರ್ಣ ಮೊತ್ತವೂ ಉಳಿತಾಯ ಖಾತೆಯಿಂದ ತಾನಾಗಿ ಸಲ್ಲುವಂತೆ ಬ್ಯಾಂಕಿಗೆ ಬರೆದುಕೊಡಲಿ. ಕನಿಷ್ಠ ಮೊತ್ತವೆಂಬ ಶಬ್ದವನ್ನು ತಮ್ಮ ನಿಘಂಟಿನಿಂದ ಅಳಿಸಿಹಾಕಲಿ. ಮೊಬೈಲಿನ ಮೂಲಕ ನಿಮಿಷದಲ್ಲಿ ಸಾಲ ಕೊಡುವೆವೆನ್ನುವ, ಈಗ ಕೊಂಡು ಮತ್ತೆ ಕೊಡಿ ಎನ್ನುವ ಯೋಜನೆಗಳೂ ಇದೇ ಮರದ ಕೊಂಬೆಗಳೆಂದು ತಿಳಿಯತಕ್ಕದ್ದು.

ಜಾಮೀನಿನ ವಿಷಯವಾಗಿ ಒಂದು ಮಾತನ್ನು ವಿಶೇಷವಾಗಿ ನಮ್ಮ ಸಹೋದ್ಯೋಗಿಗಳಿಗೂ ಸಂಬಳದಾರರಿಗೂ ಹೇಳಬೇಕಾಗಿದೆ. ಕೇರಳದಲ್ಲಿ ಚಿಟ್ಟಿಗೂ ಸಾಲಕ್ಕೂ ಸಂಬಳದ ಪ್ರಮಾಣಪತ್ರವನ್ನು ಕೊಟ್ಟು ಜಾಮೀನು ನಿಲ್ಲುವ ರೂಢಿ ಬಲವಾಗಿದೆ. ಚಿಟ್ಟಿಯು ಸ್ವತಃ ಕೆಟ್ಟುದಲ್ಲ, ಸರಕಾರದ ಕೆ.ಎಸ್.ಎಫ್.ಇ. ಸಂಸ್ಥೆಯು ೧೯೬೯ರಿಂದ ಅದನ್ನು ಕ್ರಮಬದ್ಧವಾಗಿ ನಡೆಸುತ್ತಿದೆ. ಆದರೆ ತನ್ನ ಸಾಲವನ್ನು ತೀರಿಸಿಕೊಂಡು ಈಗತಾನೆ ದಡ ಸೇರಿದವನು, ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಇನ್ನೊಬ್ಬನ ಕಾಗದಕ್ಕೆ ಸಹಿ ಹಾಕಿದರೆ, ಆ ಇನ್ನೊಬ್ಬನು ತಪ್ಪಿದ ದಿನ ಇವನ ಸಂಬಳವೇ ಕಡಿತವಾಗುತ್ತದೆ. ಆ ಮೊತ್ತವನ್ನು ಪೂರ್ತಿಯಾಗಿ ಕೊಟ್ಟರೂ ನಮ್ಮ ಮನೆ ಅಲುಗದು ಎಂಬ ಧೈರ್ಯವಿದ್ದರೆ ಸಹಿ ಮಾಡಿರಿ. ಇಲ್ಲವಾದರೆ ಕೈ ಮುಗಿದು, ‘ಅಣ್ಣಾ, ಕ್ಷಮಿಸಬೇಕು, ಈಗ ಆಗದು’ ಎಂದು ಹೇಳಿರಿ. ಸ್ನೇಹವು ನಿಜವಾದುದಾದರೆ ಈ ಮಾತಿನಿಂದ ಮುರಿಯದು.

ಮದುವೆ, ಗೃಹಪ್ರವೇಶ, ನಿಕಾಹ್ ಮೊದಲಾದವುಗಳಲ್ಲಿ ನೆರೆಯವರಿಗಿಂತ ಒಂದು ಕೈ ಮೇಲಾಗಬೇಕೆಂಬ ಹಟವೂ ತೀರಿದ ಸಾಲವನ್ನು ಮರಳಿ ಕರೆತರುತ್ತದೆ. ಹಿಂದೆ ಮುಯ್ಯಿಯೆಂಬ ಪದ್ಧತಿಯು ಒಂದು ಮನೆಯ ಭಾರವನ್ನು ಹತ್ತು ಮನೆಗಳು ಹೊರುವುದಕ್ಕಾಗಿ ಇತ್ತು. ಇಂದು ಹತ್ತು ಮನೆಗಳ ಕಣ್ಣಿಗೆ ಹಬ್ಬವಾಗಲೆಂದು ಒಂದು ಮನೆಯು ಭಾರ ಹೊರುತ್ತಿದೆ. ಸರಳವಾಗಿ ಮದುವೆ ಮಾಡಿದವರನ್ನು ಜಿಪುಣರೆನ್ನದೆ, ಅವರನ್ನು ಹೊಗಳುವ ಧೈರ್ಯವು ಊರಿಗೆ ಬರಬೇಕು.

ಕೊನೆಯದಾಗಿ ಮಕ್ಕಳ ಮಾತು. ಸರ್ವಜ್ಞನು ಸಾಲವನ್ನು ಕುರಿತು ಹೇಳಿದ ತ್ರಿಪದಿಯನ್ನು ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ, ಅಂಕವೂ ಪಡೆಯುತ್ತಾರೆ. ಗಣಿತದ ತರಗತಿಯಲ್ಲಿ ಚಕ್ರಬಡ್ಡಿಯ ಸೂತ್ರವನ್ನು ಕಲಿಯುತ್ತಾರೆ; ಅದಕ್ಕೂ ಅಂಕ ಪಡೆಯುತ್ತಾರೆ. ಆ ತ್ರಿಪದಿಗೂ ಈ ಸೂತ್ರಕ್ಕೂ ಮನೆಯ ಮೇಜಿನ ಮೇಲಿರುವ ಕಾರ್ಡಿನ ಪಟ್ಟಿಗೂ ಸಂಬಂಧವಿದೆಯೆಂದು ಹೇಳಿಕೊಡುವುದು ನಮ್ಮೆಲ್ಲರ ಹೊಣೆ. ತಿಂಗಳಿಗೆ ಮೂರೂವರೆಯಂತೆ ಚಕ್ರಬಡ್ಡಿ ಬೆಳೆದರೆ ನೂರು ರೂಪಾಯಿಯು ವರ್ಷದ ಕೊನೆಗೆ ತೆರಿಗೆಯನ್ನು ಬಿಟ್ಟೇ ನೂರೈವತ್ತೊಂದಾಗುವುದೆಂದು ಮಗುವು ತಾನೇ ಗುಣಿಸಿ ಕಾಣಲಿ. ಇದಕ್ಕಾಗಿ ತಾವು ಮನೆಯ ಲೆಕ್ಕದ ಪುಸ್ತಕವನ್ನು ಮಕ್ಕಳಿಂದ ಬರೆಯಿಸಬೇಕೆಂದು ನಾವು ಕೋರುತ್ತೇವೆ. ಕನ್ನಡದಲ್ಲಿಯೇ ಬರೆಯಲಿ; ಅಕ್ಷರವೂ ದುಂಡಾದೀತು, ಬದುಕೂ ದುಂಡಾದೀತು. ಸಾಲ ತೀರಿಸಿದ ಕಥೆಯನ್ನು ಮಕ್ಕಳಿಂದ ಮುಚ್ಚಿಡಬೇಡಿರಿ. ತಂದೆ ತಾಯಂದಿರು ಮರ್ಯಾದೆಯಿಂದ ಋಣವನ್ನು ತೀರಿಸಿದರೆಂಬುದು ನಾಚಿಕೆಯ ವಿಷಯವಲ್ಲ, ಮಕ್ಕಳಿಗೆ ಬಿಟ್ಟುಹೋಗಬಹುದಾದ ಆಸ್ತಿ.

ನಾವು ಹೇಳಿದುದರ ಸಾರವಿಷ್ಟು: ಬಾಕಿಯಿಲ್ಲವೆಂಬ ಪತ್ರವನ್ನು ಪಡೆಯಿರಿ, ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿರಿ, ಕಂತಿನ ಹಣವನ್ನು ಮೊದಲ ತಿಂಗಳಿಂದಲೇ ಉಳಿತಾಯಕ್ಕೆ ತಿರುಗಿಸಿರಿ, ಪಂಚಾಂಗದ ಖರ್ಚನ್ನು ಹನ್ನೆರಡರಿಂದ ಭಾಗಿಸಿರಿ, ಏತಕ್ಕೆಂದು ಕೇಳುವ ಸಭೆಯೊಂದು ಮನೆಯೊಳಗೇ ಇರಲಿ. ಇವುಗಳಲ್ಲಿ ಅಸಾಧ್ಯವಾದುದು ಯಾವುದೂ ಇಲ್ಲ. ಸಾಲವನ್ನು ತೀರಿಸುವಷ್ಟು ಧೃತಿಯುಳ್ಳವರಿಗೆ ಸಾಲವಿಲ್ಲದೆ ಬಾಳುವ ಧೃತಿಯೂ ಇದ್ದೇ ಇದೆ.

ಮುಂಬರುವ ಜೂನ್ ತಿಂಗಳಲ್ಲಿ ನಮ್ಮ ಶಾಲೆಯಿಂದ ಹೊರಟ ಯಾವ ಮಗುವೂ ಮನೆಯ ಸಾಲದ ದೆಸೆಯಿಂದ ಕಾಲೇಜಿನ ಮೆಟ್ಟಿಲಿನಿಂದ ಹಿಂದಿರುಗದಿರಲಿ. ಸಂಘದ ನಿಧಿಯು ಅದಕ್ಕೆ ನಿಜವಾಗಿ ಅರ್ಹರಾದ ಮಕ್ಕಳಿಗೇ ತಲುಪುವಂತಾಗಲಿ.